ಯೆಜ್ಡಿ ಮಾರಿದ್ದಕ್ಕೆ ಸೂತಕ ಯಾಕ್ರೀ?

ಹೊರನಾಡಿನಲ್ಲಿರುವ ನಮ್ಮ ಜನಕ್ಕೆ ಒಂದು ವಿಚಿತ್ರ ಚಟ. ಊರಲ್ಲಿ ತಮ್ಮದು ಅಂತ ಒಂದು ಹಳೇ ವಸ್ತು ಇರಬೇಕು. ಅದು ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿರಬೇಕು. ತಾವು ಮಾತ್ರ ಪುಣೆಯಲ್ಲೋ ದೆಹಲಿಯಲ್ಲೋ ಕೂತು ಅದನ್ನು ನೆನೆದು ಗಂಟಲು ಕಟ್ಟಿಸಿಕೊಳ್ಳಬೇಕು. ಬೀಗ ಜಡಿದ ಮನೆ, ಗೆದ್ದಲು ಹಿಡಿದ ಹಾರ್ಮೋನಿಯಂ, ಗಾಳಿ ಇಳಿದ ಮೋಟಾರ್ ಸೈಕಲ್ಲು... ಎಲ್ಲದಕ್ಕೂ ‘ನೆನಪು’ ಅಂತ ಒಂದೇ ಲೇಬಲ್ಲು. ಯಾರಾದರೂ ಒಬ್ಬ ಅದನ್ನು ಎತ್ತಿ, ತೊಳೆದು, ಸರಿಮಾಡಿ, ಬಳಸುವವರ ಕೈಗೆ ಕೊಟ್ಟು ದುಡ್ಡು ಎಣಿಸಿಕೊಂಡನೋ, ಮುಗಿಯಿತು. ಅವನು ಊರನ್ನೇ ಮಾರಿ ತಿಂದವನು!

ನಾನು 2024ರ ಜನವರಿಯಲ್ಲಿ ನನ್ನ 1992ರ ಯೆಜ್ಡಿ ರೋಡ್‌ಕಿಂಗ್ ಮಾರಿದೆ. ಹನ್ನೊಂದು ವರ್ಷ ಧಾರವಾಡದ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿ. ಪುಣೆಗೆ ತಂದು, ಏಳು ತಿಂಗಳು ಹಿಡಿದು ಸರಿಮಾಡಿಸಿ, ಒಮ್ಮೆ ಧಾರವಾಡಕ್ಕೆ ಹೋಗಿ ಬಂದು, ಆಮೇಲೆ ಚಿಂಚವಡದ ಒಬ್ಬ ಮರಾಠಿ ಹುಡುಗನಿಗೆ ಕೊಟ್ಟೆ. ಅಂದಿನಿಂದ ಇಲ್ಲಿನ ನಮ್ಮ ಬಳಗದಲ್ಲಿ ನನಗೆ ಒಂಥರಾ ಸೂತಕ. ಯುಗಾದಿ ಊಟಕ್ಕೆ ಕೂತರೆ ಹೋಳಿಗೆ ಬಡಿಸುವವರೂ ಅದನ್ನೇ ಕೇಳುತ್ತಾರೆ. “ಮನಿ ಮಗಳನ್ನ ಮಾರಿದಂಗ ಮಾರಿದ್ರಲ್ರೀ” ಅಂದರು ಒಬ್ಬ ಹಿರಿಯರು. (ಮಗಳನ್ನು ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಕೂಡಿಹಾಕಿದವರನ್ನು ಏನಂತಾರೆ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ಎಲೆಯಲ್ಲಿ ಇನ್ನೂ ಹೋಳಿಗೆ ಇತ್ತು.) ಇನ್ನೊಬ್ಬರದು ನೇರ ಪ್ರಶ್ನೆ: “ಮೈಸೂರಿನ ಗಾಡೀನ ಹೋಗಿ ಹೋಗಿ ಮರಾಠಿಯವ್ರಿಗೆ ಕೊಟ್ರಾ? ನಮ್ಮವರ್‍ಯಾರೂ ಸಿಗಲಿಲ್ಲಾ?”

ಮೈಸೂರಿನ ಗಾಡಿ ಅಂದಿರಲ್ಲ, ಮೊದಲು ಅದನ್ನೇ ನೋಡೋಣ. ಜಾವಾ ಎಂಬ ಹೆಸರು ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲಿನ ಹಕ್ಕು ಕೊಂಡ; ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಜಾವಾ. ಅದನ್ನು ಇಲ್ಲಿಗೆ ತಂದವರು ಇರಾನಿ ಮನೆತನದವರು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮುಂದೆ ಇಟ್ಟ ಯೆಜ್ಡಿ ಎಂಬ ಹೆಸರು ಇರಾನಿನ ಯಜ್ದ್ ಊರಿನದು ಅಂತ ಹೇಳುವುದು ವಾಡಿಕೆ. ಅಂದ್ರೆ ಜರ್ಮನಿಯ ಬೀಜ, ಚೆಕ್ ವಿನ್ಯಾಸ, ಪಾರ್ಸಿಗಳ ಬಂಡವಾಳ, ಪರ್ಷಿಯಾದ ಹೆಸರು, ಮೈಸೂರಿನ ಕೆಲಸಗಾರರ ಕೈ. ಈ ಗಾಡಿಗೆ ಜಾತಿ-ಗೋತ್ರ ಕೇಳುತ್ತೀರಾ? ಯಾದವಗಿರಿಯ ಆ ಕೆಲಸಗಾರರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ತಿಂಗಳ ಕೊನೆಗೆ ಸಂಬಳ ಎಣಿಸಿದ್ದು ಗಾಡಿ ದೇಶದ ತುಂಬಾ ಮಾರಾಟವಾದದ್ದಕ್ಕೆ. ಕನ್ನಡಿಗರು ಕನ್ನಡಿಗರಿಗೇ ಮಾರಿಕೊಳ್ಳಲಿ ಅಂತ ಯಾರೂ ಕಾರ್ಖಾನೆ ಕಟ್ಟಿರಲಿಲ್ಲ.

ಅಷ್ಟಕ್ಕೂ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತಲ್ಲ, ಆಗ ಈ ಅಭಿಮಾನ ಎಲ್ಲಿ ಹೋಗಿತ್ತು? 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಲೀಟರಿಗೆ ಇಷ್ಟು ಕೊಡುತ್ತದೆ ಅಂತ ಹೇಳಿ ಹೇಳಿಯೇ ಅದು ಯೆಜ್ಡಿಯ ಗಿರಾಕಿಗಳನ್ನು ಎಳೆದುಕೊಂಡಿತು. ಇವತ್ತು ನನಗೆ ‘ಮನಿ ಮಗಳು’ ಅಂದ ಹಿರಿಯರು ಆಗ ಕೊಂಡದ್ದೂ ಅದನ್ನೇ; ಅವರೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ತಪ್ಪೇನಿಲ್ಲ, ಸಂಸಾರ ತೂಗಿಸಬೇಕಿತ್ತು. ಆದರೆ ಬದುಕಿದ್ದಾಗ ಕೊಳ್ಳದವರು ಸತ್ತ ಮೇಲೆ ವಾರಸುದಾರರಾಗಿ ಬಂದು ಕೂರುವುದು ಯಾವ ನ್ಯಾಯ? 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದಾಗ ಇದೇ ಬಳಗದಲ್ಲಿ ಸಿಹಿ ಹಂಚಿದ್ದನ್ನೂ ಕಂಡೆ. ಅವು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನಲ್ಲಲ್ಲ!

ಇನ್ನು, ಗಾಡಿ ಕೊಟ್ಟಿಗೆ ಸೇರಿದ್ದು ಯಾಕೆ ಅಂತ ಹೇಳಿಬಿಡುತ್ತೇನೆ. 2012ರಲ್ಲಿ ಕಂಪನಿ ನನ್ನನ್ನು ದೆಹಲಿಗೆ ಹಾಕಿತು. ಅದೇ ವರ್ಷ ರೋಡ್‌ಕಿಂಗ್‌ನ ನೋಂದಣಿಯ ಅವಧಿಯೂ ಮುಗಿಯುತ್ತಿತ್ತು - ಮೊದಲು 15 ವರ್ಷ, ಆಮೇಲೆ ನವೀಕರಿಸಿದ 5 ವರ್ಷ. ಇಪ್ಪತ್ತು ವರ್ಷದ ಗಾಡಿಯನ್ನು ಅಲ್ಲಿಗೆ ಸಾಗಿಸಿ ಫಲವಿರಲಿಲ್ಲ. 2014ರಲ್ಲಿ ಹಸಿರು ನ್ಯಾಯಮಂಡಳಿ, 15 ವರ್ಷ ದಾಟಿದ ಗಾಡಿ ದೆಹಲಿಯ ರಸ್ತೆಗೆ ಇಳಿಯಕೂಡದು ಅಂದಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ಒತ್ತು ಕೊಟ್ಟಿತು. ಅಲ್ಲಿಂದ ಚೆನ್ನೈ, ಚೆನ್ನೈಯಿಂದ ಪುಣೆ. ಬಾಡಿಗೆ ಮನೆಗಳ ಮೆಟ್ಟಿಲ ಕೆಳಗೆ ಸ್ಕೂಟರಿಗೇ ಜಾಗ ಇಲ್ಲ. ಹೀಗಾಗಿ ಅದು ಅಲ್ಲೇ ಉಳಿಯಿತು, ಅಷ್ಟೇ.

ಆದರೆ ನಿಂತ ಗಾಡಿ ಸುಮ್ಮನೆ ನಿಂತಿರುತ್ತದೆ ಅಂತ ತಿಳಿದವರಿಗೆ ಯಂತ್ರದ ಗಂಧ ಗೊತ್ತಿಲ್ಲ. ಅದು ಒಳಗೊಳಗೇ ಸಾಯುತ್ತಿರುತ್ತದೆ. ಟ್ಯಾಂಕಿನ ಪೆಟ್ರೋಲು ಆವಿಯಾಗಿ ಹೋಗುತ್ತದೆ, ಹೋಗುವಾಗ ಕಾರ್ಬ್ಯುರೇಟರಿನ ಜೆಟ್ಟುಗಳಲ್ಲಿ ಅಂಟು ಬಿಟ್ಟು ಹೋಗುತ್ತದೆ. ಖಾಲಿಯಾದ ಟ್ಯಾಂಕಿನ ಒಳಗೋಡೆಗೆ ಧಾರವಾಡದ ಜಿಟಿಜಿಟಿ ಮಳೆಯ ತೇವ ಕೂತು ತುಕ್ಕು. ಪಿಸ್ಟನ್ನಿನ ರಿಂಗು ಬೋರಿಗೆ ಕಚ್ಚಿಕೊಳ್ಳುತ್ತದೆ. ಕ್ರ್ಯಾಂಕಿನ ಬೇರಿಂಗಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಟಯರು ನೋಡಲು ಹೊಸದರಂತಿದ್ದರೂ ಪಕ್ಕದಲ್ಲಿ ಅಂಗೈ ರೇಖೆಯ ಹಾಗೆ ಬಿರುಕು.

ಟೂ-ಸ್ಟ್ರೋಕ್ ಎಂಜಿನ್ನಿಗೆ ಇವೆಲ್ಲಕ್ಕಿಂತ ದೊಡ್ಡ ಶತ್ರು ಕಣ್ಣಿಗೆ ಕಾಣುವುದೇ ಇಲ್ಲ: ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲು. ಬುಲೆಟ್ಟಿನಂಥ ಫೋರ್-ಸ್ಟ್ರೋಕಿನಲ್ಲಿ ಸೀಲು ಸೋತರೆ ಆಯಿಲ್ ಸೋರುತ್ತದೆ, ನೆಲದ ಮೇಲೆ ಕಲೆ ಕಾಣುತ್ತದೆ, ಸರಿಮಾಡಿಸುತ್ತೀರಿ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಕ್ರ್ಯಾಂಕ್ ಕೇಸಿನೊಳಗಿಂದಲೇ ಹಾದು ಮೇಲಕ್ಕೆ ಹೋಗಬೇಕು. ಸೀಲು ಒಣಗಿ ಗಟ್ಟಿಯಾದರೆ ಅದರ ಸಂದಿನಿಂದ ಹೊರಗಿನ ಗಾಳಿ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಅದರ ಜೊತೆಗೇ ಬರುವ ಎಣ್ಣೆಯೂ ಕಡಿಮೆ. ಎಂಜಿನ್ನು ಕಾದ ಹಂಚಾಗುತ್ತದೆ. ಕ್ಲಚ್ಚಿನ ಬದಿಯ ಸೀಲು ಸೋತರೆ ಗೇರ್ ಆಯಿಲನ್ನೇ ಕುಡಿದು ಹೊಗೆ ಕಾರುತ್ತದೆ. ಊರೊಳಗೆ ಎರಡು ಸುತ್ತು ಹೊಡೆದರೆ ಏನೂ ಗೊತ್ತಾಗಲ್ಲ. ಸಾತಾರಾ ದಾರಿಯ ಖಂಬಾಟ್ಕಿ ಘಾಟು ಹತ್ತುವಾಗ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತುಬಿಟ್ಟಾಗ ಗೊತ್ತಾಗುತ್ತದೆ. ಹಿಂದೆ ಲಾರಿ ಬರುತ್ತಿರುತ್ತದೆ.

ಈ ಸೀಲಿಗೆ ಚಿಲ್ಲರೆ ದುಡ್ಡು. ಆದರೆ ಅದನ್ನು ಕೂರಿಸಲು ಅರ್ಧ ಎಂಜಿನ್ನು ಬಿಚ್ಚಬೇಕು. ಬಿಚ್ಚಿದ ಮೇಲೆ ಬೇರಿಂಗು ಹಾಗೇ ಬಿಡೋಕಾಗಲ್ಲ. ಬೇರಿಂಗಿಗೆ ಹೋದರೆ ಕನೆಕ್ಟಿಂಗ್ ರಾಡು, ರಾಡಿಗೆ ಹೋದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂಡಿಸಿ, ಓಲಾಡದ ಹಾಗೆ ನೇರ ಮಾಡಬೇಕು. ಭೋಸರಿಯಲ್ಲಿ ಅಂಥ ಕೈ ಇರುವ ಒಬ್ಬ ಲೇತ್‌ನವರು ಸಿಕ್ಕರು. ಬೋರನ್ನೂ ಅವರೇ ಹಿಗ್ಗಿಸಿ ಹೊಸ ಪಿಸ್ಟನ್ ಕೂರಿಸಿದರು. ಸಾಮಾನಿಗೆ ನಾನಾ ಪೇಠ ಸುತ್ತಿದೆ. ಅಲ್ಲಿ ಸಿಗದ್ದನ್ನು ಮೈಸೂರಿನಿಂದ ತರಿಸಿದೆ, ಒಂದೆರಡನ್ನು ಚೆನ್ನೈನ ಪುದುಪೇಟೆಯಿಂದ ಹಳೇ ಸಹೋದ್ಯೋಗಿಯೊಬ್ಬರು ಹೊತ್ತು ತಂದರು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಪೆಟ್ರೋಲಿನ ಪೈಪು, ವಾಷರು ಎಲ್ಲಾ ಹೊಸದು. ಒಟ್ಟು ಖರ್ಚು 92 ಸಾವಿರ. ಅದರಲ್ಲಿ ಬಣ್ಣಕ್ಕೆ ಹೋದದ್ದು ಬರೀ 9 ಸಾವಿರ.

ಈ ಕೊನೆಯ ಲೆಕ್ಕವನ್ನು ಬೇಕೆಂದೇ ಬರೆದೆ. ಯಾಕಂದ್ರೆ ಈಗ ‘ರಿಸ್ಟೋರ್ ಮಾಡಿದ ಯೆಜ್ಡಿ’ ಅಂತ ನಡೆಯುತ್ತಿರುವ ವ್ಯಾಪಾರದಲ್ಲಿ ಲೆಕ್ಕ ಉಲ್ಟಾ. ಎಂಜಿನ್ನಿಗೆ ಒಂಬತ್ತು, ಬಣ್ಣ-ಕ್ರೋಮಿಗೆ ತೊಂಬತ್ತು! ಟ್ಯಾಂಕಿನ ಮೇಲೆ ಕನ್ನಡಿಯಂಥ ಹೊಳಪು, ಸೀಟಿಗೆ ಕಂದು ಚರ್ಮ, ಹಳೇದರಂತೆ ಕಾಣುವ ಹೊಸ ಬ್ಯಾಡ್ಜು, ಕಿವಿ ಹರಿಯುವ ಎರಡು ಸೈಲೆನ್ಸರು. ಫೋಟೋ ತೆಗೆದು ‘ಶೋರೂಂ ಕಂಡೀಷನ್’ ಅಂತ ಬರೆದರೆ ಆಯಿತು. ಕೊಳ್ಳುವವನು ಊರು ಬಿಟ್ಟ ಕನ್ನಡಿಗನಾದರೆ ಇನ್ನೂ ಸುಲಭ. ‘ಅಪ್ಪನ ಕಾಲದ ಗಾಡಿ ಸಾರ್’ ಅಂದರೆ ಸಾಕು, ಅವನು ಸ್ಪಾನರ್ ಹಿಡಿಯುವುದಿಲ್ಲ, ಕರವಸ್ತ್ರ ಹಿಡಿಯುತ್ತಾನೆ. ದೆಹಲಿಯ ಕರೋಲ್ ಬಾಗ್‌ನಲ್ಲಿ ಬುಲೆಟ್ಟುಗಳಿಗೂ ಇದೇ ಅಲಂಕಾರ ನಡೆಯುವುದನ್ನು ನೋಡಿದ್ದೇನೆ.

ಕೊಳ್ಳಲು ಹೋಗುವವರೇ, ನನ್ನ ಮಾತು ಕೇಳಿ. ಬೆಳಿಗ್ಗೆ ಹೋಗಿ, ಎಂಜಿನ್ನು ತಣ್ಣಗಿರುವಾಗ ಹೋಗಿ, ಸಿಲಿಂಡರಿಗೆ ಕೈ ಮುಟ್ಟಿಸಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಒದ್ದು ಒದ್ದು ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಬಿಚ್ಚಿದ ಹಳೇ ಪಿಸ್ಟನ್ನು, ಹಳೇ ಬೇರಿಂಗು ಎಲ್ಲಿ ಅಂತ ಕೇಳಿ. ನಿಜವಾಗಿ ಕೆಲಸ ಮಾಡಿಸಿದವನು ಅವನ್ನು ಒಂದು ಡಬ್ಬದಲ್ಲಿ ಇಟ್ಟಿರುತ್ತಾನೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಫ್ರೇಮಿನ ನಂಬರನ್ನೂ ಎಂಜಿನ್ನಿನ ನಂಬರನ್ನೂ ಆರ್.ಸಿ. ಜೊತೆ ಬೆರಳಿಟ್ಟು ಓದಿ. ಅಲ್ಲಿ ಬಣ್ಣ ದಪ್ಪಗಿದ್ದರೆ ಕೆರೆದು ಓದಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನನ್ನ ಗಾಡಿ ನೋಡಲು ಬಂದವರಿಗೆಲ್ಲ ಒಂದು ಹಾಳೆ ಕೊಡುತ್ತಿದ್ದೆ. ಏನೇನು ಹಾಕಿಸಿದ್ದೇನೆ ಅನ್ನುವುದು ಮೇಲೆ, ಏನೇನು ಸರಿಯಿಲ್ಲ ಅನ್ನುವುದು ಕೆಳಗೆ. ಬಲಗಡೆಯ ಕವರಿಗೆ ಹಿಂದೆ ಯಾವಾಗಲೋ ವೆಲ್ಡಿಂಗ್ ಆಗಿದೆ. ಎರಡನೇ ಗೇರಿನಲ್ಲಿ ಸಣ್ಣ ಗೊರಗೊರ ಇದೆ. ಎಡಗಡೆಯ ಸೈಲೆನ್ಸರು ಅಸಲಿ ಅಲ್ಲ. ಬ್ರೇಕು ಆ ಕಾಲದ ಡ್ರಮ್ ಬ್ರೇಕು, ಈಗಿನ ಗಾಡಿಯ ಧೈರ್ಯದಲ್ಲಿ ಹಿಡಿಯಬೇಡಿ. ಇದನ್ನು ಕಂಡು ನಮ್ಮ ಬಳಗದವರೇ ಒಬ್ಬರು, “ನೀವು ಗಾಡಿ ಮಾರಾಕತ್ತೀರೋ, ಜಾಮೀನು ಅರ್ಜಿ ಬರಿಯಾಕತ್ತೀರೋ?” ಅಂದರು. ಮುಚ್ಚಿಟ್ಟು ಇನ್ನೊಂದಿಷ್ಟು ಹೆಚ್ಚಿಗೆ ಹೊಡೆಯಬಹುದಿತ್ತಂತೆ. ನೆನಪು, ಪರಂಪರೆ ಅನ್ನುವವರು ಒಬ್ಬ ಕಿರಿಯನನ್ನು ಘಾಟಿನಲ್ಲಿ ಬೀಳಿಸುವುದಕ್ಕೆ ಹೇಸುವುದಿಲ್ಲ ನೋಡಿ!

“ನಮ್ಮವರ್‍ಯಾರೂ ಸಿಗಲಿಲ್ಲಾ?” ಅನ್ನುವ ಪ್ರಶ್ನೆಗೆ ಉತ್ತರ: ಸಿಕ್ಕಿದ್ದರು. ಹೆದ್ದಾರಿಯಲ್ಲಿ ಹೋಟೆಲ್ ಇಟ್ಟ ಒಬ್ಬ ಮಾಲೀಕರು, ಅಪ್ಪಟ ಕನ್ನಡಿಗರು, ಬಾಗಿಲ ಮುಂದೆ ಚಿಕ್ಕ ಧ್ವಜವನ್ನೂ ಹಾರಿಸಿದ್ದಾರೆ. 1 ಲಕ್ಷ 60 ಸಾವಿರಕ್ಕೆ ತಯಾರಿದ್ದರು. ಎಂಜಿನ್ನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸಿಮೆಂಟ್ ಕಟ್ಟೆ ಕಟ್ಟಿಸಿ, ಚಕ್ರ ಅದರಲ್ಲಿ ಹೂತು, ಮೇಲೆ ದೀಪ ಹಾಕಿಸುವ ಆಲೋಚನೆ. ಗಿರಾಕಿಗಳು ಹತ್ತಿ ಕೂತು ಫೋಟೋ ತೆಗೆಸಿಕೊಳ್ಳಲಿ ಅಂತ. “ಎಂಜಿನ್ ಬೇಕಾದ್ರೆ ನೀವೇ ಬಿಚ್ಚಿಕೊಂಡು ಹೋಗಿ ಸಾರ್, ಭಾರ ಕಡಿಮೆ ಆಗ್ತದೆ” ಅಂತ ಉದಾರ ಮನಸ್ಸಿನಿಂದ ಹೇಳಿದರು.

ಚಿಂಚವಡದ ಹುಡುಗ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಬಂದವನು ಗಾಡಿಯ ಸುತ್ತ ತಿರುಗಲಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನ ಮೊದಲ ಪ್ರಶ್ನೆ, ಸೀಲು ಯಾವ ಕಂಪನಿಯದು ಹಾಕಿಸಿದ್ದೀರಿ ಅಂತ. ಯೆಜ್ಡಿಯಲ್ಲಿ ಕಿಕ್ ಮಾಡುವ ಸಲಾಕೆಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್ರು. ಅದನ್ನು ಒತ್ತಿದಾಗ ಕ್ಲಚ್ಚು ತಾನೇ ಬಿಡುತ್ತದೆ. ಹೊಸಬರು ಅಲ್ಲಿ ತಡವರಿಸುತ್ತಾರೆ, ಇವನು ತಡವರಿಸಲಿಲ್ಲ. 1 ಲಕ್ಷ 15 ಸಾವಿರ ಕೊಟ್ಟ, ಅದರಲ್ಲಿ 30 ಸಾವಿರ ಎರಡು ತಿಂಗಳು ಬಿಟ್ಟು. ನನಗೆ 45 ಸಾವಿರ ಕಡಿಮೆ ಬಂತು. ನನ್ನ ದುಡ್ಡು, ನನ್ನ ಇಷ್ಟ. ಆದರೆ ಕೇಳುವುದು ಇಷ್ಟೇ: ಎಂಜಿನ್ನಿಲ್ಲದೆ ಸಿಮೆಂಟಿನಲ್ಲಿ ನಿಂತಿದ್ದರೆ ಅದು ಕನ್ನಡಿಗರ ಕೈಯಲ್ಲಿ ಉಳಿಯಿತು ಅಂತ ನೀವು ಹೋಳಿಗೆ ತಿನ್ನುತ್ತಿದ್ದಿರಿ, ಅಲ್ಲವಾ?

ಊರು ಬಿಟ್ಟವರ ಹಳೇ ಗಾಡಿಗಳು ಕೊಟ್ಟಿಗೆಯಲ್ಲೇ ಕೊಳೆಯುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಬಳಗದವರು ಅದರ ಬಗ್ಗೆ ಉಸಿರೆತ್ತುವುದಿಲ್ಲ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರು ಪಡೆಯಬೇಕು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಅದಕ್ಕೆ ಮೊದಲು ಊರಿನ ಆರ್.ಟಿ.ಓ.ದಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಫಾರಂ 28. ಅದಕ್ಕೂ ಮೊದಲು ಮುಗಿದುಹೋದ ನೋಂದಣಿಯ ನವೀಕರಣ. 2022ರ ಏಪ್ರಿಲಿನಿಂದ ಹಳೇ ಬೈಕಿನ ನವೀಕರಣಕ್ಕೆ 1000 ರೂಪಾಯಿ, ತಡಮಾಡಿದ ತಿಂಗಳಿಗೆ 300ರಂತೆ ದಂಡ. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಬೈಕಿಗೆ ಆ 1000 ಅನ್ನುವುದು 2000 ಆಯಿತು. ಹೊಸ ರಾಜ್ಯದ ತೆರಿಗೆ ಬೇರೆ. ವಿಂಟೇಜ್ ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದ್ರೆ 2021ರ ನಿಯಮದಂತೆ ಅದಕ್ಕೆ 50 ವರ್ಷ ಆಗಿರಬೇಕು, ಆದ ಮೇಲೆ ದಿನಬಳಕೆಗೆ ಓಡಿಸುವಂತಿಲ್ಲ. ಅದೇ ವರ್ಷ ಬಂದ ಬಿ.ಎಚ್. ನಂಬರಿನಿಂದ ರಾಜ್ಯ ಬದಲಿಸುವವರ ಕಷ್ಟ ತೀರಿತು ಅಂದರು. ಯಾರ ಕಷ್ಟ? ಸರ್ಕಾರಿ ನೌಕರರದು, ಸೈನಿಕರದು, ನಾಲ್ಕೋ ಹೆಚ್ಚೋ ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಯವರದು. ಮುಂಬಯಿಯಲ್ಲಿ ಹತ್ತು ವರ್ಷ, ಹೈದರಾಬಾದಿನಲ್ಲಿ ಐದು ವರ್ಷ ಅಡುಗೆ ಮಾಡಿದ ಕುಂದಾಪುರದ ಭಟ್ಟರು ಆ ಪಟ್ಟಿಯಲ್ಲಿಲ್ಲ.

ನವೀಕರಣಕ್ಕೆಂದು ನಾನು ಅಲೆದ ಕಚೇರಿಯ ಹೆಸರು ಬೇಡ. ನಾಲ್ಕು ಸಲ ರಜೆ ಹಾಕಿ ಹೋದೆ. ಒಂದು ಸಲ ಫೈಲು ಇರಲಿಲ್ಲ, ಒಂದು ಸಲ ಸಾಹೇಬರು ಇರಲಿಲ್ಲ, ಮೂರನೇ ಸಲ ಎರಡೂ ಇದ್ದವು, ಕರೆಂಟು ಇರಲಿಲ್ಲ. ಹೊರಗೆ ನಿಂತ ಏಜೆಂಟ್ ಕನಿಕರದಿಂದ ಹೇಳಿದ: “ಇದೆಲ್ಲಾ ಯಾಕ ಬೇಕ್ರೀ ಸರ, ಖಾಲಿ ಫಾರಂ ಮ್ಯಾಲ ಸೈ ಮಾಡಿ ಗಾಡಿ ಕೊಟ್ಟುಬಿಡ್ರಿ.” ಹಾಗೆ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಗಾಡಿ ದಾಟಿಸುವುದು ದೇಶದ ತುಂಬಾ ನಡೆದದ್ದೇ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಒಂದು ಕಾರು ಹಲವು ಕೈ ದಾಟಿದ್ದರೂ ಅಪಘಾತದ ಪರಿಹಾರ ಕೊಡಬೇಕಾದವನು ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಅಂತ ತೀರ್ಪು ಕೊಟ್ಟಿದೆ. ಅಂದ್ರೆ ನೀವು ಚೆನ್ನೈಯಲ್ಲಿ ಇಡ್ಲಿ ತಿನ್ನುತ್ತಿರುವಾಗ, ಎಂದೋ ಮಾರಿದ ಗಾಡಿ ನಾಗಪುರದಲ್ಲಿ ಯಾರಿಗೋ ಬಡಿದರೆ ನೋಟೀಸು ನಿಮ್ಮ ಮನೆಗೆ. ಅದಕ್ಕೇ ನಾಲ್ಕನೇ ಸಲವೂ ಹೋದೆ. ಈಗ ಗಾಡಿ ಎಂ.ಎಚ್. 14, ಹೆಸರು ಆ ಹುಡುಗನದು. ಕನ್ನಡ ಸಂಘಗಳು ನಂಬರ್ ಪ್ಲೇಟ್ ಹೋಯಿತಲ್ಲಾ ಅಂತ ಅಳುವ ಬದಲು ಈ ಅಲೆದಾಟದ ವಿರುದ್ಧ ಒಂದು ಮನವಿ ಬರೆದರೆ, ಅದಕ್ಕೆ ಮೊದಲ ಸಹಿ ನನ್ನದು.

ಹಾಂ, “ಹತ್ತು ವರ್ಷ ಇಟ್ಕೊಂಡಿದ್ರ ಬೆಲಿ ಡಬಲ್ ಆಗ್ತಿತ್ತು” ಅಂದವರೂ ಇದ್ದಾರೆ. ಆಗಬಹುದು. ಎಂಜಿನ್ನೂ ಡಬಲ್ ಸಾಯುತ್ತಿತ್ತು. ಬಂಗಾರ ಪೆಟ್ಟಿಗೆಯಲ್ಲಿಟ್ಟರೆ ಬಂಗಾರವಾಗಿಯೇ ಇರುತ್ತದೆ. ಎರಡು ಸೀಲು, ಒಂದು ಟ್ಯಾಂಕು, ನಾಲ್ಕು ರಬ್ಬರಿನ ತುಂಡುಗಳ ಮೇಲೆ ನಿಂತ ವಸ್ತುವಿಗೆ ಆ ಲೆಕ್ಕ ನಡೆಯುವುದಿಲ್ಲ. ಹಾಗೂ ಇಟ್ಟುಕೊಳ್ಳುವ ಆಸೆ ಇದ್ದವರು ತಾವೇ ಕೊಂಡು ತಮ್ಮ ಬಾಲ್ಕನಿಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ? ಮಾರುತ್ತೇನೆ ಅಂತ ಬಳಗಕ್ಕೆ ಮೂರು ತಿಂಗಳ ಮೊದಲೇ ಹೇಳಿದ್ದೆ. ಒಬ್ಬರಾದರೂ ಬಂದು ಕಿಕ್ ಹೊಡೆದು ನೋಡಲಿಲ್ಲ.

ಆ ಹುಡುಗ ಮೊನ್ನೆ ಮಳೆ ಶುರುವಾಗುವ ಮೊದಲು ನಿಪ್ಪಾಣಿ, ಬೆಳಗಾವಿ ದಾಟಿ ಗೋಕರ್ಣದವರೆಗೆ ಹೋಗಿ ಬಂದನಂತೆ. ಬರುವಾಗ ಪಾಯಿಂಟಿನ ಸಂದು ಒಮ್ಮೆ ಸರಿಮಾಡಿಕೊಳ್ಳಬೇಕಾಯಿತು, ಮತ್ತೇನೂ ತೊಂದರೆ ಇಲ್ಲ ಅಂದ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಹಳೇ ಗಾಡಿಗಳವರೆಲ್ಲ ಊರೂರಲ್ಲಿ ಸೇರುತ್ತಾರೆ, ಅವನೂ ಹೋಗುತ್ತಾನೆ. ‘ಮನಿ ಮಗಳನ್ನು’ ನೋಡುವ ಆಸೆ ಇದ್ದವರು ಅಲ್ಲಿಗೆ ಹೋಗಿ ನೋಡಬಹುದು. ಧಾರವಾಡದ ಕೊಟ್ಟಿಗೆಯಲ್ಲಿ ಇನ್ನೂ ಒಂದು ಜೊತೆ ಮಡ್‌ಗಾರ್ಡು, ಒಂದು ಅಸಲಿ ಬಲಗಡೆ ಕವರು ಬಿದ್ದಿವೆ. ಯೆಜ್ಡಿ ಓಡಿಸುವವರಿಗೆ ಬೇಕಿದ್ದರೆ ತಿಳಿಸಲಿ. ಅವನ್ನೂ ಮಾರುತ್ತೇನೆ.